ವಯನಾಡಿನ ಗದ್ದೆ, ಗಂಧಕಸಾಲೆಯ ಬೀಜ

ಮುಂಗಾರು ಬಲವಾಗಿ ಹಿಡಿದ ವರ್ಷ ಜುಲೈ ಹೊತ್ತಿಗೆ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಕಬಿನಿ ಜಲಾಶಯ ತುಂಬಿದ ಸುದ್ದಿ ಬರುತ್ತದೆ. ಅದರ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: ವಯನಾಡಿನಲ್ಲಿ ಉತ್ತಮ ಮಳೆ. ಎಚ್.ಡಿ. ಕೋಟೆ, ನಂಜನಗೂಡು, ತಿ. ನರಸೀಪುರದ ರೈತರಿಗೆ ವಯನಾಡು ಎಂದರೆ ಬಹುಮಟ್ಟಿಗೆ ಅಷ್ಟೇ, ಮಳೆ ಬೀಳುವ ಜಾಗ. ಬಿದ್ದ ಮಳೆ ಅಲ್ಲಿ ಎಲ್ಲಿ ನಿಲ್ಲುತ್ತದೆ, ಯಾವುದರ ಮೇಲೆ ಹರಿದು ಬೀಚನಹಳ್ಳಿಯ ಆ ಜಲಾಶಯಕ್ಕೆ ಬರುತ್ತದೆ ಎಂದು ಯೋಚಿಸುವವರು ಕಡಿಮೆ.

ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತವೆ. ಪೂರ್ವಕ್ಕೆ ತಿರುಗುವ ಮೂರರಲ್ಲಿ ವಯನಾಡಿನಲ್ಲಿ ಹುಟ್ಟುವ ಕಬಿನಿಯೂ ಒಂದು. ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ಕೂಡಲ್‌ಕಡವಿನಲ್ಲಿ ಸೇರಿ ಕಬಿನಿಯಾಗುತ್ತವೆ. ಈ ಎರಡು ಹೊಳೆಗಳ ನೂರಾರು ತೊರೆಗಳು ಹುಟ್ಟುವುದು ಗುಡ್ಡಗಳ ನಡುವಿನ ತಗ್ಗುಗಳಲ್ಲಿ. ಮಲಯಾಳದಲ್ಲಿ ಅವನ್ನು ವಯಲ್ ಎನ್ನುತ್ತಾರೆ, ಕೊಡಗು ಮಲೆನಾಡಿನವರಿಗೆ ಅವು ಗದ್ದೆ ಬಯಲು. ಎರಡೂ ಬದಿ ಕಾಫಿ, ಮೆಣಸು, ಸಿಲ್ವರ್ ಓಕ್ ತುಂಬಿದ ದಿಬ್ಬ. ನಡುವೆ ಹಾವಿನಂತೆ ಬಳುಕಿ ಸಾಗುವ ಭತ್ತದ ಪಟ್ಟಿ. ವಯನಾಡು ಜಿಲ್ಲೆಯ ಬಹುಭಾಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ.

ಕಬಿನಿ ನೀರಿನಲ್ಲಿ ಕರ್ನಾಟಕದ ರೈತರು ಬೆಳೆಯುವ ಭತ್ತಗಳಲ್ಲಿ ‘ಜ್ಯೋತಿ’ ಒಂದು ದೊಡ್ಡ ಹೆಸರು. ಕೆಂಪು ಕಾಳಿನ ಈ ತಳಿ ಕರ್ನಾಟಕದ್ದಲ್ಲ. ಪಾಲಕ್ಕಾಡ್ ಜಿಲ್ಲೆಯ ಪಟ್ಟಾಂಬಿ ಭತ್ತ ಸಂಶೋಧನಾ ಕೇಂದ್ರದಲ್ಲಿ, ಅಲ್ಲಿನದೇ ಪಿಟಿಬಿ 10 ತಳಿಯನ್ನು ಫಿಲಿಪ್ಪೀನ್ಸಿನ ಐಆರ್ 8ರ ಜೊತೆ ಸಂಕರ ಮಾಡಿ 1974ರಲ್ಲಿ ಬಿಡುಗಡೆ ಮಾಡಿದ್ದು. ಬೀಚನಹಳ್ಳಿಯ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಕೇರಳದವರಿಗೆ ಕೆಂಪಕ್ಕಿಯ ಕುಚ್ಚಲು ಅನ್ನ ಬೇಕು, ಅಲ್ಲಿ ಗದ್ದೆ ಕಡಿಮೆಯಾಗುತ್ತಿದೆ. ಹಾಗಾಗಿ ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಬೆಳೆದ ಜ್ಯೋತಿ ಭತ್ತ ಲಾರಿಗಳಲ್ಲಿ ಘಾಟಿ ಇಳಿದು ಕೇರಳದ ಗಿರಣಿಗಳಿಗೆ ಹೋಗುತ್ತದೆ. ಕೇರಳದ ನೀರು, ಕೇರಳದ ತಳಿ, ಕರ್ನಾಟಕದ ಮಣ್ಣು ಮತ್ತು ದುಡಿಮೆ, ಮತ್ತೆ ಕೇರಳದ ಊಟ. ಕರಾವಳಿಯ ರೈತರಿಗೂ ಈ ನಂಟು ಹಳೆಯದು. ಉಡುಪಿ, ದಕ್ಷಿಣ ಕನ್ನಡದ ಗದ್ದೆಗಳನ್ನು ದಶಕಗಳ ಕಾಲ ಆಳಿದ ಎಂಒ 4 ತಳಿ ಹುಟ್ಟಿದ್ದು ಕೇರಳದ ಕುಟ್ಟನಾಡಿನ ಮಂಕೊಂಬು ಸಂಶೋಧನಾ ಕೇಂದ್ರದಲ್ಲಿ.

ಇಷ್ಟೆಲ್ಲ ಕೊಟ್ಟ ಕೇರಳದಲ್ಲಿ ಭತ್ತ ಸ್ವತಃ ಸೋಲುತ್ತಾ ಬಂದಿದೆ. 1974–75ರಲ್ಲಿ ಆ ರಾಜ್ಯದ ಭತ್ತದ ಕ್ಷೇತ್ರ ಸುಮಾರು 8.8 ಲಕ್ಷ ಹೆಕ್ಟೇರ್ ಇತ್ತು; ಈಗ ಎರಡು ಲಕ್ಷದ ಆಸುಪಾಸಿಗೆ ಇಳಿದಿದೆ. ವಯನಾಡು ಈ ಕುಸಿತದಿಂದ ತಪ್ಪಿಸಿಕೊಂಡಿಲ್ಲ. ಗದ್ದೆಯಲ್ಲಿ ಕಾಲುವೆ ತೋಡಿ, ಮಣ್ಣು ಏರಿಸಿ, ನೇಂದ್ರ ಬಾಳೆ ನೆಟ್ಟರು. ಕೆಲವೆಡೆ ಅಡಿಕೆ ಬಂತು, ಕೆಲವೆಡೆ ಶುಂಠಿ, ಕೆಲವೆಡೆ ಮನೆಯೇ ಎದ್ದಿತು. ಶುಂಠಿಯ ಲಾಭದ ಬೆನ್ನು ಹತ್ತಿದ ವಯನಾಡಿನ ಬೆಳೆಗಾರರು ಕೊಡಗು, ಹುಣಸೂರು, ಎಚ್.ಡಿ. ಕೋಟೆಯಲ್ಲಿ ಜಮೀನು ಗುತ್ತಿಗೆ ಹಿಡಿದದ್ದು ನಮ್ಮವರಿಗೆ ಗೊತ್ತಿರುವ ಸಂಗತಿಯೇ. ಭತ್ತ ಬಿಟ್ಟವರನ್ನು ದೂರಿ ಪ್ರಯೋಜನವಿಲ್ಲ. ಒಂದು ಎಕರೆ ಭತ್ತದಿಂದ ಬರುವ ಆದಾಯ ನಾಟಿಯ ಕೂಲಿಗೇ ಸಾಲದಿದ್ದಾಗ ಯಾರಾದರೂ ಮಾಡುವುದು ಅದನ್ನೇ.

ಕೇರಳ ಸರ್ಕಾರ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ತಂದು ಗದ್ದೆಗೆ ಮಣ್ಣು ತುಂಬುವುದನ್ನು ನಿಷೇಧಿಸಿತು. 2020ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲು ಆರಂಭಿಸಿತು. ಮೊತ್ತ ತೀರಾ ಚಿಕ್ಕದು. ಆದರೆ ಗದ್ದೆ ನೀರು ಇಂಗಿಸುತ್ತದೆ, ನೆರೆ ತಡೆಯುತ್ತದೆ, ಆ ಕೆಲಸಕ್ಕೆ ಸಮಾಜ ದುಡ್ಡು ಕೊಡಬೇಕು ಎಂಬ ತತ್ವವನ್ನು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಹಾಗಾದರೆ ವಯನಾಡಿನಲ್ಲಿ ಇನ್ನೂ ಉಳಿದ ಗದ್ದೆಗಳಲ್ಲಿ ಏನು ಬೆಳೆಯುತ್ತದೆ? ಮಳೆಗಾಲದ ಮುಖ್ಯ ಬೆಳೆಗೆ ಅಲ್ಲಿ ನಂಜ ಎನ್ನುತ್ತಾರೆ, ಬೇಸಿಗೆಯದು ಪುಂಜ. ನಂಜದ ನಾಟಿ ಕೆಲವು ಊರುಗಳಲ್ಲಿ ಕಂಬಳನಾಟಿ ಎಂಬ ಉತ್ಸವವಾಗಿ ನಡೆಯುತ್ತದೆ. ಪಣಿಯ ಬುಡಕಟ್ಟಿನವರು ತುಡಿ ಬಡಿದು, ಕುಳಲೂದಿ, ನೆಡುವವರ ಕೈಗೆ ಲಯ ಕೊಡುತ್ತಾರೆ. ಹೆಚ್ಚು ಇಳುವರಿಯ ಸರ್ಕಾರಿ ತಳಿಗಳು ಎಲ್ಲೆಡೆಯಂತೆ ಇಲ್ಲಿಯೂ ಇವೆ. ಅವುಗಳ ನಡುವೆ ವೆಳಿಯನ್, ಚೆಂತಾಡಿ, ತೊಂಡಿ, ಪಾಲ್‌ತೊಂಡಿ, ಚೋಮಾಲ, ಅಡುಕ್ಕನ್, ಮುಳ್ಳನ್‌ಕಯಮ ಎಂಬ ಹಳೆಯ ಹೆಸರುಗಳೂ ಜೀವ ಹಿಡಿದುಕೊಂಡಿವೆ. ದಿನದ ಊಟಕ್ಕೆ ತೊಂಡಿ, ವೆಳಿಯನ್. ಮದುವೆ ಮುಂಜಿಗೆ, ಬಂದ ನೆಂಟರಿಗೆ ಪರಿಮಳದ ಗಂಧಕಸಾಲೆ, ಜೀರಕಸಾಲೆ. ಔಷಧಿಗೆ ಬೇರೆಯದೇ ಅಕ್ಕಿ. ನೀರು ನಿಲ್ಲುವ ಆಳದ ಗದ್ದೆಗೆ ಒಂದು ತಳಿ, ಬೇಗ ಬಸಿಯುವ ಅಂಚಿನ ಗದ್ದೆಗೆ ಇನ್ನೊಂದು. ಎತ್ತರದ ಕಾಂಡದ ವೆಳಿಯನ್ ನೆರೆಯನ್ನೂ ಒಣಹವೆಯನ್ನೂ ತಾಳಿಕೊಳ್ಳುತ್ತದೆ ಎಂಬುದು ಅದನ್ನು ಬೆಳೆಯುವವರ ಅನುಭವ.

ಗಂಧಕಸಾಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿಜ್ಞಾನ ಮತ್ತು ಅನುಭವ ಒಂದೇ ಕಾಳಿನಲ್ಲಿ ಸೇರುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಪರಿಮಳದ ಅಕ್ಕಿಯ ಸುವಾಸನೆಗೆ ಮುಖ್ಯ ಕಾರಣ 2-ಅಸಿಟೈಲ್-1-ಪಿರೋಲಿನ್ ಎಂಬ ಅಣು. ಬಾಸ್ಮತಿಯಲ್ಲೂ, ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಅನ್ನಕ್ಕೆ ಹಾಕುವ ರಂಬೆ ಎಲೆಯಲ್ಲೂ ಇರುವುದು ಇದೇ. ಎಲ್ಲ ಭತ್ತದಲ್ಲೂ ಇದರ ಪೂರ್ವವಸ್ತು ಇರುತ್ತದೆ. ಆದರೆ ಸಾಮಾನ್ಯ ತಳಿಗಳಲ್ಲಿ ಒಂದು ಕಿಣ್ವ ಅದನ್ನು ಬೇರೆ ದಾರಿಗೆ ಹೊರಳಿಸಿಬಿಡುತ್ತದೆ. ಪರಿಮಳದ ತಳಿಗಳಲ್ಲಿ ಆ ಕಿಣ್ವ ತಯಾರಿಸುವ ಬಿಎಡಿಎಚ್2 ಎಂಬ ಜೀನ್ ಕೆಟ್ಟಿರುತ್ತದೆ, ಹಾಗಾಗಿ ಗಂಧ ಉಳಿದುಕೊಳ್ಳುತ್ತದೆ. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಆದರೆ ಜೀನ್ ಇದ್ದಮಾತ್ರಕ್ಕೆ ಪರಿಮಳ ತುಂಬಿ ಬರುವುದಿಲ್ಲ. ಕಾಳಿಗೆ ಹಾಲು ತುಂಬುವ ಹೊತ್ತಿನಲ್ಲಿ ಹವೆ ತಂಪಾಗಿರಬೇಕು. ಕೊಯ್ದ ಮೇಲೆ ಹೆಚ್ಚು ಬಿಸಿಯಲ್ಲಿ ಒಣಗಿಸಿದರೆ, ಬಹುಕಾಲ ಇಟ್ಟರೆ, ಹಾರಿಹೋಗುವ ಸ್ವಭಾವದ ಈ ಅಣು ಕಡಿಮೆಯಾಗುತ್ತದೆ.

ವಯನಾಡಿನ ಹಳೆಯ ತಳಿಗಳು ಈ ತಂಪನ್ನು ತಾವೇ ಹುಡುಕಿಕೊಳ್ಳುತ್ತವೆ. ಅವು ದಿನದ ಉದ್ದವನ್ನು ಅಳೆಯುವ ತಳಿಗಳು. ಜೂನ್‌ನಲ್ಲಿ ಬಿತ್ತಿ, ಜುಲೈನಲ್ಲಿ ಬಿತ್ತಿ, ಹಗಲು ಒಂದು ಮಿತಿಗಿಂತ ಚಿಕ್ಕದಾಗುವವರೆಗೆ ಹೊಡೆ ಬಿಚ್ಚುವುದಿಲ್ಲ. ತೆನೆ ಹೊರಬರುವುದು ಮಳೆ ಹಿಂದೆ ಸರಿಯುವ ಹೊತ್ತಿಗೆ, ಕಾಳು ಗಟ್ಟಿಯಾಗುವುದು ನವೆಂಬರ್–ಡಿಸೆಂಬರಿನ ತಣ್ಣನೆಯ ರಾತ್ರಿಗಳಲ್ಲಿ. ಮುಂಗಾರು ಎರಡು ವಾರ ತಡವಾದರೂ ಕೊಯ್ಲಿನ ಕಾಲ ಹೆಚ್ಚು ಏರುಪೇರಾಗುವುದಿಲ್ಲ. ಪಕ್ಕದ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ನಕ್ಷತ್ರ ನೋಡಿ ದಿನ ಗೊತ್ತುಮಾಡುವ ಹಬ್ಬವಾಗಿ ಬೆಳೆದದ್ದಕ್ಕೆ ಭತ್ತದ ಈ ಕಾಲನಿಷ್ಠೆಯೂ ಒಂದು ಕಾರಣವಿರಬೇಕು. ಮಳೆ ಯಾವಾಗ ಬಂದರೂ ಹೊಸ ತೆನೆ ಹೆಚ್ಚುಕಡಿಮೆ ಅದೇ ಹುಣ್ಣಿಮೆಗೆ ಸಿದ್ಧವಾಗುತ್ತಿದ್ದರೆ ಮಾತ್ರ ಅಂಥ ಹಬ್ಬ ನಿಲ್ಲುತ್ತದೆ.

ಬೆಲೆ ಕೊಡಬೇಕಾದದ್ದು ಇಳುವರಿಯಲ್ಲಿ. ಗಂಧಕಸಾಲೆ ಹೊಲದಲ್ಲಿ ಐದಾರು ತಿಂಗಳು ನಿಲ್ಲುತ್ತದೆ, ಹೆಕ್ಟೇರಿಗೆ ಎರಡು–ಎರಡೂವರೆ ಟನ್ ಕೊಟ್ಟರೆ ಹೆಚ್ಚು. ಜ್ಯೋತಿ ಅದಕ್ಕಿಂತ ಸಾಕಷ್ಟು ಕಡಿಮೆ ಸಮಯದಲ್ಲಿ ಎರಡು ಪಟ್ಟು ಕೊಡಬಲ್ಲದು. ಉದ್ದ ಕಾಂಡದ ತಳಿಗೆ ಯೂರಿಯಾ ಜಾಸ್ತಿ ಹಾಕಿದರೆ ತೆನೆಯ ಭಾರಕ್ಕೆ ಪೈರು ಮಲಗಿಬಿಡುತ್ತದೆ. 1966ರಲ್ಲಿ ಬಂದ ಐಆರ್ 8 ಜಗತ್ತನ್ನು ಗೆದ್ದದ್ದು ಇದೇ ಕಾರಣಕ್ಕೆ, ಅದರ ಗಿಡ್ಡ ಕಾಂಡ ಗೊಬ್ಬರವನ್ನು ತಡೆದುಕೊಂಡು ನೆಟ್ಟಗೆ ನಿಲ್ಲುತ್ತಿತ್ತು. ವಯನಾಡಿನ ತಂಪು, ಮೋಡ, ಇಬ್ಬನಿಯ ಹವೆಯಲ್ಲಿ ಗೊಬ್ಬರ ಹೆಚ್ಚಾದರೆ ಬೆಂಕಿ ರೋಗವೂ ಸುಲಭವಾಗಿ ಬರುತ್ತದೆ.

ಇಲ್ಲಿ ಸಂಶೋಧನೆಯ ಪಾತ್ರ ಬರುತ್ತದೆ. ಎಡಕ್ಕಲ್ ಗುಹೆಗೆ ಹೋಗುವ ಪ್ರವಾಸಿಗರು ದಾಟಿಹೋಗುವ ಅಂಬಲವಯಲ್‌ನಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಇದರ ಮೂಲ ಎರಡನೇ ಮಹಾಯುದ್ಧದ ನಂತರ ಮದ್ರಾಸ್ ಸರ್ಕಾರ ಮಾಜಿ ಸೈನಿಕರಿಗೆ ವಯನಾಡಿನಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದ ಯೋಜನೆಯಲ್ಲಿದೆ. ಬಯಲುಸೀಮೆಯಿಂದ, ಸೇನೆಯಿಂದ ಬಂದವರಿಗೆ ಗುಡ್ಡದ ಬೇಸಾಯ ಕಲಿಸಬೇಕಿತ್ತು. ಇಂದು ಜನವರಿಯಲ್ಲಿ ನಡೆಯುವ ‘ಪೂಪ್ಪೊಲಿ’ ಹೂವಿನ ಮೇಳದಿಂದ ಜನಕ್ಕೆ ಪರಿಚಿತವಾದರೂ, ಕಾಫಿ, ಮೆಣಸು, ಹಣ್ಣುಗಳ ಜೊತೆಗೆ ಎತ್ತರ ಪ್ರದೇಶದ ಭತ್ತವೂ ಈ ಕೇಂದ್ರದ ಕೆಲಸವೇ. ‘ದೀಪ್ತಿ’ ಎಂಬ ಭತ್ತದ ತಳಿ ಇಲ್ಲಿಯದು.

ಕೇಂದ್ರಗಳು ಕೊಡುವ ಸಲಹೆ ಸರಳವಾಗಿ ಕಂಡರೂ ಅದರ ಹಿಂದೆ ವರ್ಷಗಳ ಪ್ರಯೋಗವಿದೆ. ಮಳೆ ಸುರಿಯುವ ಗುಡ್ಡನಾಡಿನಲ್ಲಿ ಸುಣ್ಣದಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ದಿಬ್ಬದಿಂದ ಬಸಿದ ಕಬ್ಬಿಣ ಗದ್ದೆಯಲ್ಲಿ ಸೇರಿ, ನಿಂತ ನೀರಿನ ಮೇಲೆ ತುಕ್ಕಿನ ಬಣ್ಣದ ಪೊರೆ ಕಟ್ಟುತ್ತದೆ, ಬೇರು ಕಪ್ಪಾಗುತ್ತದೆ. ಇದಕ್ಕೆ ಹೆಕ್ಟೇರಿಗೆ 600 ಕಿಲೋ ಸುಣ್ಣವನ್ನು ಎರಡು ಕಂತಿನಲ್ಲಿ, ಉಳುಮೆಯ ಹೊತ್ತಿಗೆ 350 ಕಿಲೋ, ತಿಂಗಳ ನಂತರ 250 ಕಿಲೋ ಹಾಕಬೇಕೆಂಬುದು ವಿಶ್ವವಿದ್ಯಾಲಯದ ಶಿಫಾರಸು. ಬೆಂಕಿ ರೋಗ ತಡೆಯಲು ರಾಸಾಯನಿಕಕ್ಕೆ ಮೊದಲು ಸೂಡೊಮೊನಾಸ್ ಎಂಬ ಸೂಕ್ಷ್ಮಜೀವಿಯನ್ನು ಬೀಜಕ್ಕೆ ಲೇಪಿಸುವ ಕ್ರಮವಿದೆ, ಕಿಲೋ ಬೀಜಕ್ಕೆ 10 ಗ್ರಾಂ. ಪುಂಜ ಬೆಳೆಯಲ್ಲಿ ನೀರು ಸದಾ ನಿಲ್ಲಿಸದೆ, ಗದ್ದೆಯಲ್ಲಿ ತೂತಿನ ಕೊಳವೆ ಹೂತು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಹಾಯಿಸುವ ವಿಧಾನವನ್ನು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿತು. ನೀರೂ ಉಳಿಯುತ್ತದೆ, ಕೆಸರಿನಿಂದ ಏಳುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ. ಕಬಿನಿಯ ಮೇಲ್ದಂಡೆಗೆ ಎಷ್ಟು ಉಪಯುಕ್ತವೋ ನಾಲೆ ನೀರು ನಂಬಿದ ಕೆಳದಂಡೆಗೂ ಅಷ್ಟೇ.

ಆದರೆ ಹಳೆಯ ತಳಿಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಸರ್ಕಾರಿ ಕೇಂದ್ರಗಳ ಉತ್ತರ ಬಹುಕಾಲ ಒಂದೇ ಆಗಿತ್ತು: ಸಂಗ್ರಹಿಸು, ಸಂಕರಕ್ಕೆ ಬಳಸು. ಅದರಿಂದ ಲಾಭವಾಗಲಿಲ್ಲ ಎಂದಲ್ಲ. 1927ರಲ್ಲಿ ಆರಂಭವಾದ ಪಟ್ಟಾಂಬಿ ಕೇಂದ್ರದಿಂದ ಬಂದ ಪಿಟಿಬಿ 33ಕ್ಕೆ ಕಂದು ಜಿಗಿಹುಳುವನ್ನು ತಡೆಯುವ ಶಕ್ತಿಯಿದೆ. ಇಂದಿಗೂ ಏಷ್ಯಾದ ಪ್ರಯೋಗಾಲಯಗಳಲ್ಲಿ ಹೊಸ ತಳಿಯೊಂದು ಆ ಹುಳುವನ್ನು ಎಷ್ಟು ತಡೆಯುತ್ತದೆ ಎಂದು ನೋಡಲು ಅದನ್ನು ಪಿಟಿಬಿ 33ರ ಪಕ್ಕದಲ್ಲಿ ಬೆಳೆಸಿ ಹೋಲಿಸುತ್ತಾರೆ. ಕೇರಳದ ಯಾವುದೋ ಗದ್ದೆಯಲ್ಲಿ ಯಾರೋ ತಲೆಮಾರುಗಳ ಕಾಲ ಬಿತ್ತಿ ಉಳಿಸಿದ ಗುಣ ಹೀಗೆ ಏಷ್ಯಾದ ತುಂಬ ಓಡಾಡಿತು. ಉಳಿಸಿದವರಿಗೆ ಮಾತ್ರ ಏನೂ ಸಿಗಲಿಲ್ಲ.

ಈ ಅನ್ಯಾಯವನ್ನು ಸರಿಪಡಿಸುವ ಯತ್ನ ವಯನಾಡಿನಲ್ಲಿ ಶುರುವಾದದ್ದು 1997ರಲ್ಲಿ, ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಕಲ್ಪೆಟ್ಟದ ಪುತ್ತೂರ್‌ವಯಲ್‌ನಲ್ಲಿ ಸಮುದಾಯ ಕೃಷಿ ಜೀವವೈವಿಧ್ಯ ಕೇಂದ್ರ ತೆರೆದಾಗ. ಗಿಡ್ಡ ತಳಿಗಳ ಹಸಿರು ಕ್ರಾಂತಿಯನ್ನು ಭಾರತಕ್ಕೆ ತಂದವರಲ್ಲಿ ಮುಂಚೂಣಿಯಲ್ಲಿದ್ದ ವಿಜ್ಞಾನಿಯೇ ತಮ್ಮ ನಂತರದ ದಶಕಗಳನ್ನು ನಾಟಿ ತಳಿ ಉಳಿಸುವವರ ಜೊತೆ ಕಳೆಯಲು ನಿರ್ಧರಿಸಿದ್ದು ಗಮನಾರ್ಹ. ಅವರ ಸೂತ್ರದಲ್ಲಿ ನಾಲ್ಕು ಮಾತುಗಳಿದ್ದವು: ಸಂರಕ್ಷಣೆ, ಬೇಸಾಯ, ಬಳಕೆ, ವ್ಯಾಪಾರ. ಕೊನೆಯದು ಇಲ್ಲದಿದ್ದರೆ ಮೊದಲಿನದು ನಿಲ್ಲದು ಎಂಬ ಸ್ಪಷ್ಟತೆ ಅದರಲ್ಲಿತ್ತು.

ಕೇಂದ್ರದ ಕೆಲಸದ ಬಹುಭಾಗ ನೋಡಲು ಆಕರ್ಷಕವಲ್ಲ. ಊರಿನ ಗಂಧಕಸಾಲೆಯಲ್ಲಿ ಬೆರಕೆ ಸೇರಿ ಪರಿಮಳ ಕುಂದಿರುತ್ತದೆ. ಭತ್ತ ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ, ಆದ್ದರಿಂದ ತಳಿ ಕೆಡುವುದು ಹೆಚ್ಚಾಗಿ ಕಣದಲ್ಲಿ, ಚೀಲದಲ್ಲಿ, ಹಿಂದಿನ ಬೆಳೆಯ ಉದುರು ಕಾಳಿನಲ್ಲಿ. ಇದಕ್ಕೆ ಮದ್ದು ತೆನೆ ಆಯ್ಕೆ. ತಳಿಯ ಲಕ್ಷಣ ಪೂರ್ತಿ ಇರುವ ತೆನೆಗಳನ್ನು ರೈತರೇ ಆರಿಸಬೇಕು, ಒಂದೊಂದು ತೆನೆಯ ಕಾಳನ್ನೂ ಒಂದೊಂದು ಸಾಲಾಗಿ ನೆಡಬೇಕು, ಬೇರೆಯಾಗಿ ಕಂಡ ಸಾಲನ್ನು ಇಡಿಯಾಗಿ ಕಿತ್ತು ಹಾಕಬೇಕು. ಉಳಿದ ಸಾಲುಗಳ ಕಾಳು ಸೇರಿಸಿದರೆ ಶುದ್ಧ ಬಿತ್ತನೆ ಬೀಜ. ಇದಕ್ಕೆ ಬೇಕಾದ ಕಣ್ಣು ಪ್ರಯೋಗಾಲಯದಲ್ಲಿ ಸಿಗುವುದಿಲ್ಲ. ಎಡನಾಡನ್ ಚೆಟ್ಟಿ, ವಯನಾಡನ್ ಚೆಟ್ಟಿ, ಕುರಿಚ್ಯ, ಮುಳ್ಳು ಕುರುಮ ಮನೆಗಳ ಹಿರಿಯರಲ್ಲಿದೆ.

ಆ ಹಿರಿಯರಲ್ಲಿ ಹೆಂಗಸರ ಪಾಲು ದೊಡ್ಡದು. ಜರ್ಮನಿಯ ಹ್ಯಾನೋವರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಾಮಿನಾಥನ್ ಪ್ರತಿಷ್ಠಾನದ ಜೊತೆಗೂಡಿ ‘ಬಯೋಡಿವಾ’ ಎಂಬ ಹೆಸರಿನಲ್ಲಿ ಕಳೆದ ದಶಕದ ಮೊದಲರ್ಧದಲ್ಲಿ ವಯನಾಡಿನಲ್ಲಿ ಅಧ್ಯಯನ ನಡೆಸಿದರು. ಗದ್ದೆ ಬಾಳೆತೋಟವಾದಾಗ ಯಾರು ಏನು ಕಳೆದುಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಅಗೆ ಕೀಳುವುದು, ನಾಟಿ, ಕಳೆ, ಬೀಜ ಕಾಪಿಡುವುದು ಹೆಂಗಸರ ಕೆಲಸ. ಬಾಳೆಯಲ್ಲಿ ಗುಂಡಿ ತೋಡುವುದರಿಂದ ಗೊನೆ ಹೊರುವವರೆಗೆ ಹೆಚ್ಚಿನದು ಗಂಡಸರದು. ಬೆಳೆ ಬದಲಾದರೆ ಪಣಿಯ, ಅಡಿಯ ಸಮುದಾಯಗಳ ಹೆಂಗಸರಿಗೆ ಕೂಲಿಯೂ ಹೋಯಿತು, ಗದ್ದೆಯಂಚಿನಲ್ಲಿ ಕೊಯ್ಯುತ್ತಿದ್ದ ಸೊಪ್ಪು, ಹಿಡಿಯುತ್ತಿದ್ದ ಮೀನು, ಏಡಿಯೂ ಹೋದವು. 2011ರ ಜನಗಣತಿಯಂತೆ ವಯನಾಡಿನ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು, ಕೇರಳದ ಯಾವ ಜಿಲ್ಲೆಯಲ್ಲೂ ಇಷ್ಟು ಪಾಲಿಲ್ಲ. ಇವರಲ್ಲಿ ಪಣಿಯರು ತಲೆಮಾರುಗಳ ಕಾಲ ಜೀತದಲ್ಲಿದ್ದು ಬೇರೆಯವರ ಗದ್ದೆ ನೆಟ್ಟವರು. ಸುಸ್ಥಿರ ಬೇಸಾಯದ ಲೆಕ್ಕ ಹಾಕುವಾಗ ಮಣ್ಣು ನೀರಿನ ಜೊತೆ ಇವರ ಊಟದ ತಟ್ಟೆಯನ್ನೂ ಸೇರಿಸಿದ್ದು ಈ ಸಂಶೋಧನೆಯ ದೊಡ್ಡ ಕೊಡುಗೆ.

ಭತ್ತದ ಮೇಲಿನ ಹಕ್ಕಿಗಾಗಿ ಇಲ್ಲಿ ರಕ್ತವೂ ಹರಿದಿದೆ. 1812ರಲ್ಲಿ ಕುರಿಚ್ಯರು ಮತ್ತು ಕುರುಮರು ಕಂಪನಿ ಸರ್ಕಾರದ ವಿರುದ್ಧ ಎದ್ದುನಿಂತದ್ದಕ್ಕೆ ಮುಖ್ಯ ಕಾರಣ, ಕಂದಾಯವನ್ನು ಧಾನ್ಯದ ಬದಲು ನಗದಿನಲ್ಲೇ ಕಟ್ಟಬೇಕೆಂಬ ಆಜ್ಞೆ.

ಅದೇ ಕುರಿಚ್ಯ ಸಮುದಾಯದ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮಾನಂದವಾಡಿ ಬಳಿಯ ಕಮ್ಮನದಲ್ಲಿ ಹುಲ್ಲು ಹೊದಿಸಿದ ಮಣ್ಣಿನ ಮನೆಯಲ್ಲಿದ್ದುಕೊಂಡು ಐವತ್ತಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದವರು ಅವರು. ಕೇಳಿದ ರೈತರಿಗೆ ಬೀಜವನ್ನು ದುಡ್ಡಿಲ್ಲದೆ ಕೊಡುತ್ತಾರೆ. ಬೆಳೆದ ಮೇಲೆ ಅಷ್ಟೇ ಬೀಜ ಹಿಂದಿರುಗಿಸಬೇಕೆಂಬುದು ಷರತ್ತು. ಈ ಷರತ್ತಿನಲ್ಲಿ ಒಂದು ಜಾಣ್ಮೆಯಿದೆ. ಬೀಜ ಒಂದೇ ಮನೆಯಲ್ಲಿದ್ದರೆ ಒಂದು ನೆರೆಗೆ, ಒಂದು ಹೆಗ್ಗಣದ ಕಾಟಕ್ಕೆ ಮುಗಿದೇ ಹೋಗಬಹುದು. ಹತ್ತು ಊರಿಗೆ ಹೋಗಿ ಬಂದ ತಳಿ ಹತ್ತು ಕಡೆ ಉಳಿದಿರುತ್ತದೆ.

ಜಗತ್ತಿನ ಬೀಜ ಭಂಡಾರಗಳು ಈ ಪಾಠವನ್ನು ಕಷ್ಟದಿಂದ ಕಲಿತವು. ಸಿರಿಯಾದ ಅಲೆಪ್ಪೊ ಬಳಿ ಒಣಭೂಮಿ ಕೃಷಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕಾರ್ಡಾದ ಬೀಜ ಭಂಡಾರವಿತ್ತು. ಬಾರ್ಲಿ, ಗೋಧಿ, ಕಡಲೆ, ಮಸೂರದ ಸಾವಿರಾರು ತಳಿಗಳು ಅಲ್ಲಿದ್ದವು. ಅಂತರ್ಯುದ್ಧದಿಂದ ಅಲ್ಲಿ ಕೆಲಸ ಮಾಡುವುದೇ ಅಸಾಧ್ಯವಾಯಿತು. ಅದೃಷ್ಟಕ್ಕೆ ಆ ಬೀಜಗಳ ನಕಲು ಪ್ರತಿಗಳನ್ನು 2008ರಲ್ಲಿ ತೆರೆದ ನಾರ್ವೆಯ ಸ್ವಾಲ್ಬಾರ್ಡ್ ಹಿಮಭಂಡಾರಕ್ಕೆ ಕಳಿಸಲಾಗಿತ್ತು. 2015ರಲ್ಲಿ ಮೊದಲ ಬಾರಿಗೆ ಅಲ್ಲಿಂದ ಪೆಟ್ಟಿಗೆಗಳನ್ನು ಹಿಂತೆಗೆದು ಲೆಬನಾನ್ ಮತ್ತು ಮೊರಾಕೊದಲ್ಲಿ ಬಿತ್ತಿದರು, ಹೊಸ ಬೀಜ ಬೆಳೆದು 2017ರಿಂದ ಮತ್ತೆ ಸ್ವಾಲ್ಬಾರ್ಡಿಗೆ ಕಳಿಸಿದರು. ಒಣನಾಡಿನ ಬಾರ್ಲಿಯ ಹಳೆಯ ತಳಿಗಳು ಉಳಿದದ್ದು ಹೀಗೆ. ಕೊಟ್ಟು, ಬೆಳೆಸಿ, ಹಿಂದಿರುಗಿಸುವ ಕಮ್ಮನದ ಪದ್ಧತಿಯೇ ಅಲ್ಲಿಯೂ ನಡೆದದ್ದು, ಅಳತೆ ಮಾತ್ರ ಬೇರೆ. ಒಂದು ವ್ಯತ್ಯಾಸವನ್ನೂ ಹೇಳಬೇಕು. ಹಿಮದಲ್ಲಿಟ್ಟ ಬೀಜ ಇಟ್ಟ ದಿನದ ಹವೆಯನ್ನಷ್ಟೇ ಬಲ್ಲದು. ಪ್ರತಿವರ್ಷ ಬಿತ್ತಿದ ಬೀಜ ಆ ವರ್ಷದ ಮಳೆ, ಹುಳು, ರೋಗಗಳನ್ನು ಎದುರಿಸಿ, ತಾಳಿದ ಗಿಡಗಳ ಕಾಳಾಗಿ ಮುಂದಿನ ವರ್ಷಕ್ಕೆ ಬರುತ್ತದೆ. ಭಂಡಾರ ಬೇಕು, ಗದ್ದೆಯೂ ಬೇಕು.

ಗಡಿಯ ಇನ್ನೊಂದು ತುದಿಯಲ್ಲಿ, ಕಾಸರಗೋಡು ಜಿಲ್ಲೆಯಲ್ಲಿ, ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಅವರ ಸಂಗ್ರಹ ಶುರುವಾದದ್ದು ಉಡುಪಿ ಜಿಲ್ಲೆಯ ಗಾಂಧೀವಾದಿ ಕೃಷಿಕ ಚೇರ್ಕಾಡಿ ರಾಮಚಂದ್ರರಾಯರಿಂದ ಸಿಕ್ಕ ಒಂದು ಹಿಡಿ ‘ರಾಜಕಯಮೆ’ ಬೀಜದಿಂದ. ದೊಡ್ಡ ಬಯಲು ಅವರಿಗಿಲ್ಲ. ಚಿಕ್ಕ ಚೀಲಗಳಲ್ಲಿ ಒಂದೊಂದು ತಳಿಯನ್ನು ಬೆಳೆದು ಬೀಜ ನವೀಕರಿಸುತ್ತಾರೆ. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ತಮ್ಮ ತೋಟದ ಮನೆಯಲ್ಲಿ ಭತ್ತದ ಸಂಗ್ರಹಾಲಯವನ್ನೇ ಕಟ್ಟಿದ್ದಾರೆ. 2004ರಲ್ಲಿ ಕೇರಳದ ಕುಂಬಳಂಗಿಯಲ್ಲಿ ಆರಂಭವಾದ ‘ನಮ್ಮ ಅಕ್ಕಿ ಉಳಿಸಿ’ ಆಂದೋಲನದಲ್ಲಿ ಕರ್ನಾಟಕದಿಂದ ಸಹಜ ಸಮೃದ್ಧ ಸಂಸ್ಥೆ ಕೈಜೋಡಿಸಿತು. ಕೇರಳದ ‘ತಣಲ್’ ಸಂಸ್ಥೆ ವಯನಾಡಿನ ತಿರುನೆಲ್ಲಿಯ ಪನವಳ್ಳಿಯಲ್ಲಿ ನೂರಕ್ಕೂ ಹೆಚ್ಚು ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆದು ತೋರಿಸುವ ತಾಕು ಮಾಡಿತು. ರೈತರು ತಾಕಿನಲ್ಲಿ ನಡೆದು, ತಮ್ಮ ಗದ್ದೆಗೆ ಹೊಂದುವುದನ್ನು ಗುರುತಿಸಿ, ಬೀಜ ಕೇಳಿ ಒಯ್ಯುತ್ತಾರೆ.

ಕಾನೂನಿನ ಕಡೆಯಿಂದಲೂ ಬೆಂಬಲ ಬಂದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರು ಉಳಿಸಿದ ತಳಿಯನ್ನು ರೈತರ ಹೆಸರಿನಲ್ಲೇ ನೋಂದಾಯಿಸಲು ಅವಕಾಶ ಕೊಡುತ್ತದೆ. 2010–11ರ ಸಾಲಿನಲ್ಲಿ ವಯನಾಡು ಗಂಧಕಸಾಲೆ ಮತ್ತು ವಯನಾಡು ಜೀರಕಸಾಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಮಾನ್ಯತೆ ಸಿಕ್ಕರೂ ಮಾರುಕಟ್ಟೆ ಒಲಿಯಲಿಲ್ಲ. ಮಲಬಾರಿನ ಬಿರಿಯಾನಿಗೆ ಜೀರಕಸಾಲೆಯಂಥ ಸಣ್ಣಕ್ಕಿಯೇ ಬೇಕು, ಕೋಳಿಕ್ಕೋಡ್, ತಲಶ್ಶೇರಿಯ ಹೋಟೆಲುಗಳಲ್ಲಿ ಅದು ಮೂಟೆಗಟ್ಟಲೆ ಖರ್ಚಾಗುತ್ತದೆ. ಆದರೆ ಅಂಗಡಿಯಲ್ಲಿ ಕಯಮ, ಜೀರಕಸಾಲೆ ಎಂಬ ಹೆಸರಿನಲ್ಲಿ ಸಿಗುವುದರ ಬಹುಪಾಲು ಪಶ್ಚಿಮ ಬಂಗಾಳದಿಂದ ಬರುವ ಸಣ್ಣಕ್ಕಿ. ಅದು ಅಗ್ಗ, ವರ್ಷವಿಡೀ ಸಿಗುತ್ತದೆ. ವಯನಾಡಿನ ರೈತನ ಅಕ್ಕಿ ಡಿಸೆಂಬರಿನಲ್ಲಿ ಕೊಯ್ಲಾಗಿ, ಕೆಲವೇ ಚೀಲಗಳಾಗಿ, ಬೇರೆ ಭತ್ತದ ಜೊತೆ ಬೆರೆಯದಂತೆ ಮಾಡಿಕೊಡುವ ಚಿಕ್ಕ ಗಿರಣಿಗಾಗಿ ಕಾಯುತ್ತದೆ. ದೊಡ್ಡ ಗಿರಣಿ ಹತ್ತು ಚೀಲಕ್ಕಾಗಿ ಯಂತ್ರ ತೊಳೆಯುವುದಿಲ್ಲ. ತಳಿಶಾಸ್ತ್ರದಲ್ಲಿ ಇಷ್ಟು ದೂರ ಬಂದ ಸಂಶೋಧನೆ ಒಣಗಿಸುವುದು, ಗಿರಣಿ, ಶೇಖರಣೆಯಲ್ಲಿ ಹಿಂದೆ ಬಿದ್ದಿದೆ ಎಂದು ಹೇಳದೆ ವಿಧಿಯಿಲ್ಲ. ತಿರುನೆಲ್ಲಿಯ ರೈತ ಉತ್ಪಾದಕರ ಕಂಪನಿಯಂಥವು ತಮ್ಮ ಸದಸ್ಯರ ನಾಟಿ ಭತ್ತವನ್ನು ಕೊಂಡು, ಅಕ್ಕಿ ಮಾಡಿಸಿ, ತಳಿಯ ಹೆಸರು ಹಾಕಿ ಮಾರುವ ಕೆಲಸಕ್ಕೆ ಇಳಿದದ್ದು ಈ ಕೊರತೆ ತುಂಬಲೆಂದೇ.

ಗದ್ದೆಯ ಪ್ರಶ್ನೆ ಮಾರುಕಟ್ಟೆಗಷ್ಟೇ ಸೇರಿದ್ದಲ್ಲ, ಮಳೆ ನೀರಿಗೂ ಸೇರಿದ್ದು. 2018ರ ಆಗಸ್ಟ್ ನೆರೆ ವಯನಾಡಿನ ಗದ್ದೆಗಳ ಮೇಲೆ ಹೂಳು ಹರಡಿತು. 2024ರ ಜುಲೈ 30ರ ಬೆಳಗಿನ ಜಾವ ಮೇಪ್ಪಾಡಿಯ ಮುಂಡಕೈ, ಚೂರಲ್‌ಮಲ ಊರುಗಳನ್ನೇ ಗುಡ್ಡ ನುಂಗಿತು. ಗದ್ದೆ ಉಳಿಸಿದರೆ ಇಂಥ ಭೂಕುಸಿತ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು ಭರವಸೆ. ಕಡಿದಾದ ಇಳಿಜಾರಿನ ಕಥೆ ಬೇರೆ. ಆದರೆ ತಗ್ಗಿನಲ್ಲಿ ಬದು ಕಟ್ಟಿದ ಗದ್ದೆಗಳು ಸುರಿದ ಮಳೆಯನ್ನು ಅಂಗೈಯಗಲ ಹಿಡಿದಿಟ್ಟು, ನೆಲಕ್ಕಿಳಿಸಿ, ಹೊಳೆಗೆ ನಿಧಾನವಾಗಿ ಬಿಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಬಾಳೆಗಾಗಿ ತೋಡಿದ ಕಾಲುವೆ ಅದೇ ನೀರನ್ನು ಒಂದೇ ಸಲಕ್ಕೆ ಹೊರಗೆ ದೂಡುತ್ತದೆ. ಜುಲೈನಲ್ಲಿ ಜಲಾಶಯ ಬೇಗ ತುಂಬಿದರೆ ಮೈಸೂರು ಸೀಮೆಗೆ ಸಂತೋಷ. ಫೆಬ್ರುವರಿಯಲ್ಲಿ ಒಳಹರಿವು ಎಷ್ಟಿರುತ್ತದೆ ಎಂಬುದು ಮಾತ್ರ ಈ ಗದ್ದೆಗಳ ಮೇಲೂ ನಿಂತಿದೆ.

ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಕೇರಳಕ್ಕೆ 30 ಟಿಎಂಸಿ ಅಡಿ ನೀರು ಹಂಚಿತು, ಅದರಲ್ಲಿ 21 ಟಿಎಂಸಿ ಕಬಿನಿ ಕಣಿವೆಯದು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಪಾಲನ್ನು ಹಾಗೆಯೇ ಉಳಿಸಿತು. ನೀರಿನ ಲೆಕ್ಕದಲ್ಲಿ ಇಷ್ಟು ಎಚ್ಚರ ಇರುವ ಎರಡು ರಾಜ್ಯಗಳು ನೀರು ಹಿಡಿಯುವ ಗದ್ದೆಯ ಬಗ್ಗೆ, ಆ ಗದ್ದೆಯನ್ನು ಗದ್ದೆಯಾಗಿ ಉಳಿಸುವ ತಳಿಯ ಬಗ್ಗೆ ಒಟ್ಟಿಗೆ ಕುಳಿತು ಮಾತಾಡಬೇಕಾಗಿದೆ. ಅಂಬಲವಯಲ್‌ಗೂ ಕೊಡಗಿನ ಪೊನ್ನಂಪೇಟೆಗೂ ನಡುವೆ ಇರುವುದು ಕೆಲವು ಗಂಟೆಗಳ ದಾರಿ. ಎರಡೂ ಕಡೆ ಕೃಷಿ ಸಂಶೋಧಕರಿದ್ದಾರೆ, ಎರಡೂ ಕಡೆ ಪಾಳು ಬೀಳುತ್ತಿರುವ ತಗ್ಗು ಗದ್ದೆಗಳಿವೆ, ಕೂಲಿಯಾಳಿನ ಕೊರತೆಯಿದೆ, ಆನೆಗಳ ಕಾಟವಿದೆ. ಗಂಧಕಸಾಲೆ, ವೆಳಿಯನ್, ಕೊಡಗಿನ ಸಣ್ಣಕ್ಕಿಗಳನ್ನು ಎರಡೂ ಊರುಗಳ ರೈತರ ಹೊಲದಲ್ಲಿ ಒಂದೇ ಹಂಗಾಮಿನಲ್ಲಿ ನೆಟ್ಟು, ಇಳುವರಿ, ಪರಿಮಳ, ರೋಗ, ಖರ್ಚು ಬರೆದಿಡಲು ಹೊಸ ಸಂಸ್ಥೆಯೇನೂ ಬೇಕಿಲ್ಲ. ಚಿಕ್ಕ ಗಿರಣಿ, ನೆರಳಿನ ಒಣಕಣ, ತಳಿಯ ಹೆಸರಿನಲ್ಲೇ ಖರೀದಿ, ಈಗಿನದಕ್ಕಿಂತ ಮರ್ಯಾದೆಯ ರಾಯಧನ, ಇವು ಸರ್ಕಾರಗಳ ಪಾಲಿನ ಕೆಲಸ. ತೆನೆ ಆರಿಸುವ ಕಣ್ಣುಳ್ಳವರು ಕಮ್ಮನ, ತಿರುನೆಲ್ಲಿ, ಪನಮರಂನ ಮನೆಗಳಲ್ಲಿ ಈಗಲೂ ಇದ್ದಾರೆ, ಅವರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ.